‘ಟೈಟಲ್ ಕೊಡಿ’ ಎನ್ನುವ ಮೊದಲು: ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗೆ ಸಂಶೋಧನೆಯ ಯೋಜನೆ ಕಲಿಸುವುದು ಹೇಗೆ?

ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮನೋವಿಜ್ಞಾನದ ಎಂಎ, ಎಂಎಸ್ಸಿ ವಿದ್ಯಾರ್ಥಿಗಳಿಗೆ ವಿಭಾಗದಿಂದ ಒಂದು ಸೂಚನೆ ಬರುತ್ತದೆ: ಇಂತಿಷ್ಟು ದಿನದೊಳಗೆ ಪ್ರಾಜೆಕ್ಟಿನ ಟೈಟಲ್ ಅನ್ನು ಗೈಡ್‌ಗೆ ಕೊಡಬೇಕು. ಅಲ್ಲಿ ಕೇಳುವುದು ಪ್ರಶ್ನೆಯನ್ನಲ್ಲ, ಶೀರ್ಷಿಕೆಯನ್ನು. ವಿದ್ಯಾರ್ಥಿ ಹಿಂದಿನ ವರ್ಷಗಳ ಬೈಂಡ್ ಮಾಡಿದ ಪ್ರತಿಗಳನ್ನು ತಿರುವಿಹಾಕುತ್ತಾನೆ, ಸೀನಿಯರ್‌ಗಳನ್ನು ಕೇಳುತ್ತಾನೆ, ಪಿಎಚ್‌.ಡಿ ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಹುಡುಕುತ್ತಾನೆ, ಈಚೆಗೆ ಚಾಟ್‌ಜಿಪಿಟಿಯ ಮೊರೆಹೋಗುತ್ತಾನೆ. ಕೊನೆಗೆ ‘ಕಾಲೇಜು ವಿದ್ಯಾರ್ಥಿಗಳಲ್ಲಿ ಸಾಮಾಜಿಕ ಜಾಲತಾಣ ಬಳಕೆ, ಒಂಟಿತನ ಮತ್ತು ಆತ್ಮಗೌರವದ ನಡುವಿನ ಸಂಬಂಧ’ ಎಂಬ ಧಾಟಿಯದೊಂದು ಶೀರ್ಷಿಕೆ ಸಿದ್ಧವಾಗುತ್ತದೆ. ಜಾಲತಾಣದ ಜಾಗದಲ್ಲಿ ಸ್ಮಾರ್ಟ್‌ಫೋನ್, ಒಂಟಿತನದ ಜಾಗದಲ್ಲಿ ಆತಂಕ ಎಂದು ಬದಲಿಸಿಕೊಂಡರೆ ಪಕ್ಕದ ಬೆಂಚಿನವರ ಶೀರ್ಷಿಕೆಯೂ ಆಯಿತು. ಮೂರು ಸ್ಕೇಲುಗಳನ್ನು (ಅಳತೆಯ ಪ್ರಶ್ನಾವಳಿಗಳನ್ನು) ಗೂಗಲ್ ಫಾರ್ಮಿಗೆ ಏರಿಸಿ, ವಾಟ್ಸ್ಆ್ಯಪ್ ಗುಂಪುಗಳಿಗೆ ಹಂಚಿ, ನೂರು ಉತ್ತರ ಬಂದೊಡನೆ ಲಿಂಕ್ ಮುಚ್ಚಿ, ಹುಡುಗ ಹುಡುಗಿಯರ ನಡುವೆ ಟಿ-ಪರೀಕ್ಷೆ (ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಲೆಕ್ಕ) ಮಾಡಿ ಮುಗಿಸುವ ಈ ಕ್ರಮಕ್ಕೆ ಸಂಶೋಧನೆಯ ಉಡುಪೇನೋ ಇದೆ. ಆದರೆ ಸಂಶೋಧನೆಯಲ್ಲಿ ನಿಜವಾಗಿ ಕಷ್ಟದ್ದೂ ಕಲಿಯಬೇಕಾದದ್ದೂ ಆದ ಯೋಜನೆಯ ಹಂತ ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಇದನ್ನು ವಿದ್ಯಾರ್ಥಿಗಳ ಸೋಮಾರಿತನ ಎಂದು ನಾನು ಬಹುಕಾಲ ನಂಬಿದ್ದೆ. ಟೈಟಲ್ ಕೊಡಿ ಎಂದು ವರ್ಷ ವರ್ಷವೂ ಕೇಳುತ್ತ ಬಂದವರಲ್ಲಿ ನಾನೂ ಒಬ್ಬನೆಂಬುದು ಹೊಳೆಯಲು ಸಮಯ ಹಿಡಿಯಿತು.

ಈ ಕೊರತೆ ಹಳೆಯದೇ ಆದರೂ ಈಗ ಅದರ ತೂಕ ಹೆಚ್ಚಿದೆ. ಯುಜಿಸಿಯ 2022ರ ಪಿಎಚ್‌.ಡಿ ನಿಯಮಾವಳಿಯೊಂದಿಗೆ ಎಂ.ಫಿಲ್ ಪದವಿಗೆ ತೆರೆಬಿತ್ತು. ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್‌ಗೆ ಮಾತ್ರ ಕೆಲಕಾಲದ ವಿನಾಯಿತಿ ಸಿಕ್ಕಿತು. ಎಂ.ಎ ಪ್ರಾಜೆಕ್ಟಿನಲ್ಲಿ ಎಡವಿದವರು ಎಂ.ಫಿಲ್ ಮಾಡುವಾಗ ತಿದ್ದಿಕೊಳ್ಳುತ್ತಿದ್ದರು. ಆ ನಡುಮನೆ ಈಗ ಇಲ್ಲ, ಹೊಸ್ತಿಲು ದಾಟಿದರೆ ನೇರ ಪಿಎಚ್‌.ಡಿ. ಇತ್ತ ಕರ್ನಾಟಕದಲ್ಲಿ 2021–22ರಿಂದ ಜಾರಿಗೆ ಬಂದಿದ್ದ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಆ ನಿರ್ಧಾರಕ್ಕೆ ಅದರದೇ ಕಾರಣಗಳಿದ್ದವು, ಅದರ ಚರ್ಚೆ ಇಲ್ಲಿ ಬೇಡ. ಆದರೆ ನಾಲ್ಕನೇ ವರ್ಷದಲ್ಲಿ ಸಿಗಬಹುದಾಗಿದ್ದ ಸಂಶೋಧನೆಯ ಮೊದಲ ಪರಿಚಯ ಅದರೊಂದಿಗೆ ಹೋಯಿತು. 2025ರ ಜುಲೈ–ಆಗಸ್ಟ್ ಅವಧಿಯಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕಲಿಸಬಾರದೆಂದು ಯುಜಿಸಿ ಹೇಳಿರುವುದರಿಂದ, ಆ ದಾರಿಯಲ್ಲಿ ಬರುತ್ತಿದ್ದವರೂ ಇನ್ನು ನಿಯಮಿತ ತರಗತಿಗಳ ಬಾಗಿಲಲ್ಲಿ ನಿಲ್ಲುತ್ತಾರೆ. ಒಟ್ಟಿನಲ್ಲಿ, ಹಿಂದೆ ಐದಾರು ವರ್ಷಗಳಲ್ಲಿ ಹರಡಿಕೊಂಡಿದ್ದ ಸಂಶೋಧನಾ ತರಬೇತಿಯನ್ನೆಲ್ಲ ಸ್ನಾತಕೋತ್ತರದ ಎರಡು ವರ್ಷಗಳೇ ಹೊರಬೇಕಾಗಿದೆ.

ಹಾಗೆಂದು ಪಠ್ಯಕ್ರಮದಲ್ಲಿ ಸಂಶೋಧನಾ ವಿಧಾನದ ಪತ್ರಿಕೆ ಇಲ್ಲವೆಂದಲ್ಲ. ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇದೆ, ಜೊತೆಗೆ ಸಂಖ್ಯಾಶಾಸ್ತ್ರದ ಪತ್ರಿಕೆಯೂ ಇದೆ. ತೊಂದರೆಯಿರುವುದು ಅದನ್ನು ಕಲಿಸುವ ರೀತಿಯಲ್ಲಿ. ‘ಸಂಶೋಧನಾ ವಿನ್ಯಾಸದ ವಿಧಗಳನ್ನು ವಿವರಿಸಿ’, ‘ಮಾದರಿ ಆಯ್ಕೆಯ ತಂತ್ರಗಳನ್ನು ಸೋದಾಹರಣವಾಗಿ ಬರೆಯಿರಿ’ ಎಂಬ ಪ್ರಶ್ನೆಗಳಿಗೆ ಹದಿನೈದು ಅಂಕದ ಉತ್ತರ ಬರೆಯಬಲ್ಲ ವಿದ್ಯಾರ್ಥಿ, ತನ್ನದೇ ಅಧ್ಯಯನಕ್ಕೆ ಅರವತ್ತು ಜನ ಸಾಕೇ ಆರುನೂರು ಬೇಕೇ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾನೆ. ಈಜಿನ ಶೈಲಿಗಳ ಹೆಸರು ಬಾಯಿಪಾಠ ಮಾಡಿಸಿ ಕೆರೆಗೆ ಇಳಿಸಿದಂತೆ ಇದು.

ಯೋಜನೆಯೆಂದರೆ ಏನೆಂಬುದನ್ನು ಒಂದು ಉದಾಹರಣೆಯಿಂದ ನೋಡುವುದು ಮೇಲು. ಪೇಯಿಂಗ್ ಗೆಸ್ಟ್ ವಸತಿಗಳಲ್ಲಿರುವ ವಿದ್ಯಾರ್ಥಿನಿಯರ ಒಂಟಿತನ ಮತ್ತು ಮೊಬೈಲ್ ಬಳಕೆಯ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆಂದು ಒಬ್ಬ ವಿದ್ಯಾರ್ಥಿನಿ ಬಂದಳು. ಸ್ಕೇಲುಗಳ ಹೆಸರನ್ನು ಆಗಲೇ ಗುರುತು ಹಾಕಿಕೊಂಡಿದ್ದಳು. ಸ್ಕೇಲು ಪಕ್ಕಕ್ಕಿಡು, ನೀನು ಕಣ್ಣಾರೆ ಕಂಡದ್ದೇನು ಹೇಳು ಎಂದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಕೋಣೆಯಲ್ಲಿರುವ ರಾಯಚೂರಿನ ಹುಡುಗಿ ದಿನಕ್ಕೆ ಎರಡು ಮೂರು ಸಲ ಮನೆಗೆ ಫೋನ್ ಮಾಡಿಯೂ ರಾತ್ರಿ ಅಳುತ್ತಾಳೆ, ಇನ್ನೊಬ್ಬಳು ವಾರಕ್ಕೊಮ್ಮೆ ಮಾತಾಡಿ ಹಾಯಾಗಿರುತ್ತಾಳೆ, ಇದು ಯಾಕೆ ಎಂದು ತನಗೆ ಗೊತ್ತಾಗಿಲ್ಲ ಎಂದಳು. ಆಕೆಯ ಸಂಶೋಧನೆ ಶುರುವಾದದ್ದು ಅಲ್ಲಿ. ಮನೆಗೆ ಫೋನ್ ಮಾಡುವುದರಿಂದ ಒಂಟಿತನ ತಗ್ಗುತ್ತದೆಯೇ, ಅಥವಾ ಒಂಟಿತನ ಹೆಚ್ಚಾದ ದಿನ ಫೋನ್ ಹೆಚ್ಚುತ್ತದೆಯೇ? ಒಂದೇ ದಿನ ನೂರು ಜನಕ್ಕೆ ಪ್ರಶ್ನಾವಳಿ ಕೊಟ್ಟು ಸಹಸಂಬಂಧ (ಎರಡು ಅಂಶಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆಂಬ, -1ರಿಂದ 1ರವರೆಗಿನ ಅಳತೆ) ಲೆಕ್ಕ ಹಾಕಿದರೆ ಈ ಎರಡನ್ನೂ ಬೇರ್ಪಡಿಸಲು ಆಗದು. ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಒಂದು ಇನ್ನೊಂದನ್ನು ಅಳಿಸಿ, ಅಂಕಿ ಏನನ್ನೂ ಹೇಳದೆ ಹೋಗಬಹುದು. ಹಾಗಾದರೆ ಒಬ್ಬರನ್ನೇ ಹಲವು ದಿನ ಹಿಂಬಾಲಿಸಬೇಕು. ಹದಿನಾಲ್ಕು ದಿನ, ರಾತ್ರಿ ಒಂಬತ್ತಕ್ಕೆ ಒಂದು ಸಂದೇಶ, ನಾಲ್ಕು ಪ್ರಶ್ನೆ. ನಲವತ್ತು ಜನ ಸಿಕ್ಕರೆ 560 ದಾಖಲೆಗಳು.

ಇಷ್ಟು ಹೇಳಿದ ಮೇಲೆ ಯೋಜನೆಯ ಒರಟು ಭಾಗ ಎದುರಾಗುತ್ತದೆ. ಒಬ್ಬಳದೇ ಹದಿನಾಲ್ಕು ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆಯಾದ್ದರಿಂದ 560 ಬೇರೆ ಬೇರೆ ಜನರ ಉತ್ತರಗಳೆಂಬಂತೆ ಅವನ್ನು ವಿಶ್ಲೇಷಿಸುವಂತಿಲ್ಲ. ಅದಕ್ಕೆ ಒಬ್ಬೊಬ್ಬರ ಉತ್ತರಗಳನ್ನು ಒಂದೊಂದು ಗುಂಪಾಗಿ ಹಿಡಿಯುವ ಬಹುಸ್ತರದ ವಿಶ್ಲೇಷಣೆ ಬೇಕು, ಅದನ್ನು ಆಕೆಗೆ ಯಾರೂ ಕಲಿಸಿಲ್ಲ. ಐದನೇ ದಿನದ ಹೊತ್ತಿಗೆ ಎಷ್ಟು ಜನ ಉತ್ತರಿಸುವುದನ್ನು ನಿಲ್ಲಿಸುತ್ತಾರೆ? ಹಾಗೆ ನಿಲ್ಲಿಸುವವರೇ ಹೆಚ್ಚು ಒಂಟಿತನದವರಾಗಿದ್ದರೆ? ಹಬ್ಬಕ್ಕೆ ಊರಿಗೆ ಹೋದ ದಿನಗಳನ್ನು ಏನು ಮಾಡುವುದು? ಮೂರು ಭೇಟಿಗಳ ನಂತರ ಆಕೆಯ ಯೋಜನೆ ಚಿಕ್ಕದಾಯಿತು: ಹತ್ತು ದಿನ, ಹಬ್ಬವಿಲ್ಲದ ಎರಡು ವಾರಗಳೊಳಗೆ, ಹಿಂದಿನ ದಿನದ ಒಂಟಿತನ ಮರುದಿನದ ಕರೆಗಳನ್ನು ಸೂಚಿಸುತ್ತದೆಯೇ ಎಂಬ ಒಂದೇ ಪ್ರಶ್ನೆ, ವಿಶ್ಲೇಷಣೆಗೆ ಉಚಿತವಾಗಿ ಸಿಗುವ ಜಮೋವಿ ತಂತ್ರಾಂಶ, ಅದನ್ನು ಕಲಿಯಲು ಮೂರು ವಾರ. ಮೊದಲು ತಂದ ಶೀರ್ಷಿಕೆಗಿಂತ ಇದು ಸಣ್ಣದೆಂದು ಆಕೆಗೆ ಬೇಸರವಿತ್ತು. ನನಗೆ ಇರಲಿಲ್ಲ.

ಸ್ಯಾಂಪಲ್ ಎಷ್ಟು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಂಪ್ರದಾಯವೇ ಉತ್ತರ ಕೊಡುತ್ತದೆ: ಮೂವತ್ತು ಹುಡುಗರು, ಮೂವತ್ತು ಹುಡುಗಿಯರು. ಈ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದರೆ ಸೀನಿಯರ್ ಕಡೆಗೆ ಬೆರಳು ತೋರಿಸುತ್ತಾರೆ, ಆ ಸೀನಿಯರ್ ಇನ್ನೊಬ್ಬ ಸೀನಿಯರ್ ಕಡೆಗೆ. ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆ. ಎರಡು ಗುಂಪುಗಳ ನಡುವೆ ನಿಜವಾಗಿಯೂ ಮಧ್ಯಮ ಗಾತ್ರದ, ಅಂದರೆ ಅರ್ಧ ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆಯೆಂಬ ಅಳತೆಯೇ ಮಾನಕ ವಿಚಲನೆ) ವ್ಯತ್ಯಾಸವಿದ್ದರೆ, ಅದನ್ನು ರೂಢಿಯ ಶೇ 5ರ ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆಯೆಂದು ಹೇಳಿಬಿಡುವ ಸಂಭವ ನೂರಕ್ಕೆ ಐದನ್ನು ಮೀರದಂತೆ) ಶೇ 80ರ ಸಂಭವದೊಂದಿಗೆ ಪತ್ತೆಹಚ್ಚಲು ಗುಂಪಿಗೆ 64 ಜನ ಬೇಕು. ವ್ಯತ್ಯಾಸ ಸಣ್ಣದಾದರೆ, ಮಾನಕ ವಿಚಲನೆಯ ಐದರಲ್ಲೊಂದು ಭಾಗವಾದರೆ, ಗುಂಪಿಗೆ 394. ಮೂವತ್ತು ಮೂವತ್ತರ ಮಾದರಿಯಲ್ಲಿ ಮಧ್ಯಮ ವ್ಯತ್ಯಾಸ ಸಿಕ್ಕುವ ಸಂಭವ ಅರ್ಧಕ್ಕಿಂತ ತುಸು ಕಡಿಮೆ. ನಾಣ್ಯ ಚಿಮ್ಮಿದರೆ ಸಿಗುವಷ್ಟು ಖಾತ್ರಿಯೂ ಇಲ್ಲ. ಸಹಸಂಬಂಧದ ವಿಷಯದಲ್ಲೂ ಹೀಗೆಯೇ: 0.3ರ ಸಂಬಂಧಕ್ಕೆ ಸುಮಾರು 85 ಜನ ಸಾಕು, 0.2ರದ್ದಕ್ಕೆ 190ಕ್ಕೂ ಹೆಚ್ಚು ಬೇಕು. ಜರ್ಮನಿಯ ಡ್ಯೂಸಲ್‌ಡಾರ್ಫ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ಜಿ-ಪವರ್ ತಂತ್ರಾಂಶದಲ್ಲಿ ಈ ಲೆಕ್ಕಕ್ಕೆ ಎರಡು ನಿಮಿಷ ಸಾಕು. ‘ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ’ ಎಂಬ ಒಕ್ಕಣೆ ನಮ್ಮ ಪ್ರಾಜೆಕ್ಟುಗಳಲ್ಲಿ ಅಷ್ಟು ಪದೇ ಪದೇ ಬರುವುದಕ್ಕೆ ವ್ಯತ್ಯಾಸ ಇಲ್ಲದಿರುವುದೇ ಕಾರಣವೋ, ನೋಡುವ ಕನ್ನಡಕ ಮಸುಕಾಗಿರುವುದು ಕಾರಣವೋ ಎಂದು ವೈವಾದಲ್ಲಿ ಕೇಳುವವರು ಕಡಿಮೆ.

ಲೆಕ್ಕವನ್ನೂ ವಿಶ್ಲೇಷಣೆಯ ಕ್ರಮವನ್ನೂ ಮೊದಲೇ ಬರೆದಿಡಬೇಕು ಎಂಬ ಪಾಠವನ್ನು ಮನೋವಿಜ್ಞಾನ ಕಲಿತದ್ದು ಪೆಟ್ಟು ತಿಂದು. 2011ರಲ್ಲಿ ಅಮೆರಿಕದ ಸಿಮನ್ಸ್, ನೆಲ್ಸನ್ ಮತ್ತು ಸೈಮನ್‌ಸನ್ ಎಂಬ ಮೂವರು, ಒಂದು ಹಾಡು ಕೇಳಿದವರ ವಯಸ್ಸು ಒಂದೂವರೆ ವರ್ಷ ಕಡಿಮೆಯಾಯಿತೆಂದು ಅಂಕಿಅಂಶಗಳ ಮೂಲಕ ‘ಸಾಧಿಸಿ’ ತೋರಿಸಿದರು. ದತ್ತಾಂಶ ನಿಜದ್ದೇ; ಯಾವ ಚಲಕವನ್ನು (ಅಳೆದ ಅಂಶವನ್ನು) ಸೇರಿಸಬೇಕು, ಯಾವಾಗ ಮಾದರಿ ನಿಲ್ಲಿಸಬೇಕು ಎಂಬುದನ್ನು ಫಲಿತಾಂಶ ನೋಡುತ್ತ ನೋಡುತ್ತ ತೀರ್ಮಾನಿಸಿದರೆ ಏನನ್ನು ಬೇಕಾದರೂ ಸಾಧಿಸಬಹುದೆಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. 2015ರಲ್ಲಿ ನೂರು ಪ್ರಕಟಿತ ಅಧ್ಯಯನಗಳನ್ನು ಮತ್ತೆ ನಡೆಸಿದಾಗ, ಮೂಲದಲ್ಲಿ ಶೇ 97ರಷ್ಟು ಗಮನಾರ್ಹ ಫಲಿತಾಂಶ ಕೊಟ್ಟಿದ್ದ ಆ ಗುಂಪಿನಲ್ಲಿ ಮರುಪರೀಕ್ಷೆಯಲ್ಲಿ ಹಾಗೆ ಬಂದದ್ದು ಶೇ 36 ಮಾತ್ರ. ಈ ಎರಡು ಪ್ರಕರಣಗಳನ್ನು ಸ್ನಾತಕೋತ್ತರ ತರಗತಿಯಲ್ಲಿ ಒಂದು ವಾರ ಬಿಡಿಸಿ ಹೇಳಿದರೆ, ಯೋಜನೆಯನ್ನು ಮೊದಲೇ ದಾಖಲಿಸಬೇಕೆಂಬುದಕ್ಕೆ ಬೇರೆ ಉಪದೇಶ ಬೇಕಾಗದು. ನಾನು ಅನುಸರಿಸುವ ಒಂದು ಉಪಾಯವಿದೆ: ದತ್ತಾಂಶ ಸಂಗ್ರಹಕ್ಕೆ ಹೋಗುವ ಮುನ್ನ ಫಲಿತಾಂಶದ ಕೋಷ್ಟಕಗಳನ್ನು ಖಾಲಿ ಮನೆಗಳೊಂದಿಗೆ ಬರೆದು ತರಬೇಕು, ಪ್ರತಿ ಕೋಷ್ಟಕದ ಕೆಳಗೆ ‘ಅಂಕಿ ಹೀಗೆ ಬಂದರೆ ಹೀಗೆ ಹೇಳುತ್ತೇನೆ, ಹಾಗೆ ಬಂದರೆ ಹಾಗೆ’ ಎಂದು ಎರಡು ಸಾಲು ಬರೆಯಬೇಕು. ಎರಡು ಸಾಲೂ ಒಂದೇ ಆಗಿಬಿಟ್ಟರೆ ಆ ಕೋಷ್ಟಕ ಬೇಡವೆಂದು ಅರ್ಥ. ಬಹಳಷ್ಟು ಲಿಂಗಭೇದದ ಟಿ-ಪರೀಕ್ಷೆಗಳು ಇಲ್ಲಿಯೇ ಉದುರಿಹೋಗುತ್ತವೆ.

ಕರ್ನಾಟಕದ ಮಟ್ಟಿಗೆ ಯೋಜನೆ ನಿಜವಾಗಿ ಗೆಲ್ಲುವುದು ಅಥವಾ ಸೋಲುವುದು ಭಾಷೆಯಲ್ಲಿ. ಇಂಗ್ಲಿಷಿನ ಸ್ಕೇಲನ್ನು ಕನ್ನಡಕ್ಕೆ ತರುವುದನ್ನು ನಮ್ಮ ವಿದ್ಯಾರ್ಥಿಗಳು ಒಂದು ಸಂಜೆಯ ಕೆಲಸವೆಂದು ತಿಳಿಯುತ್ತಾರೆ. ಕನ್ನಡಕ್ಕೆ ಮಾಡಿದ್ದನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡೂ ಹೊಂದಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ‘ಬೇಜಾರು’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಖಿನ್ನತೆಯ ಪ್ರಶ್ನಾವಳಿಯಲ್ಲಿ ‘ಕಳೆದ ಎರಡು ವಾರಗಳಲ್ಲಿ ನಿಮಗೆ ಬೇಜಾರಾಗಿದೆಯೇ?’ ಎಂದು ಕೇಳಿ ನೋಡಿದಾಗ, ಪಿಯು ಹುಡುಗನೊಬ್ಬ ‘ಹೂಂ, ಫಿಸಿಕ್ಸ್ ಕ್ಲಾಸಲ್ಲಿ ದಿನಾ’ ಎಂದ. ಮಧ್ಯವಯಸ್ಸಿನ ಹೆಂಗಸೊಬ್ಬರು ‘ಯಾರ ಮೇಲೆ?’ ಎಂದು ತಿರುಗಿ ಕೇಳಿದರು. ಇಬ್ಬರ ಕನ್ನಡವೂ ಸರಿಯೇ. ಬೇಜಾರು ಎಂದರೆ ದುಃಖವೂ ಹೌದು, ಬೋರೂ ಹೌದು, ಮುನಿಸೂ ಹೌದು. ಮರು ಅನುವಾದದಲ್ಲಿ ಈ ದೋಷ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಇಂಗ್ಲಿಷ್ ಬಲ್ಲ ಅನುವಾದಕ ಸಂದರ್ಭ ನೋಡಿ ಸರಿಯಾದ ಪದವನ್ನೇ ಹಾಕಿಬಿಡುತ್ತಾನೆ. ಅದು ಸಿಕ್ಕುವುದು ಐದಾರು ಜನರ ಎದುರು ಕುಳಿತು, ಒಂದೊಂದು ವಾಕ್ಯವನ್ನೂ ಓದಿ ಹೇಳಿ, ‘ಇದು ಏನು ಕೇಳುತ್ತಿದೆ ಅಂತ ನಿಮಗೆ ಅನ್ನಿಸಿತು?’ ಎಂದು ವಿಚಾರಿಸಿದಾಗ.

ಆತ್ಮಗೌರವದ ಅಳತೆಗೆ ಎಲ್ಲರೂ ಬಳಸುವ ರೋಸೆನ್‌ಬರ್ಗ್ ಮಾಪಕದ ಕತೆ ಇನ್ನೂ ಸ್ವಾರಸ್ಯಕರ. 1965ರ ಈ ಮಾಪಕದಲ್ಲಿ ಹತ್ತು ಹೇಳಿಕೆಗಳಿದ್ದು, ಅವುಗಳಲ್ಲಿ ಐದು ನಕಾರಾತ್ಮಕ. ‘ಹೆಮ್ಮೆ ಪಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ’ ಎಂಬ ಹೇಳಿಕೆಗೆ ನಮ್ಮ ಹಳ್ಳಿಯ ವಿದ್ಯಾರ್ಥಿ ‘ಹೌದು’ ಎಂದರೆ ಅದು ಕೀಳರಿಮೆಯೋ, ವಿನಯವೋ? ‘ಅವನಿಗೆ ಹೆಮ್ಮೆ ಜಾಸ್ತಿ’ ಎಂಬುದು ಕನ್ನಡದಲ್ಲಿ ಹೊಗಳಿಕೆಯಲ್ಲ. ಮೇಲಾಗಿ, ಇಲ್ಲವೆಂಬ ಹೇಳಿಕೆಯನ್ನು ಒಪ್ಪುವಾಗ ನಾವು ‘ಹೌದು, ಇಲ್ಲ’ ಎನ್ನುತ್ತೇವೆ. ಕಾಗದದ ಮೇಲೆ ಅದಕ್ಕೆ ಯಾವ ಮನೆಯಲ್ಲಿ ಗುರುತು ಹಾಕಬೇಕೆಂದು ಉತ್ತರಿಸುವವರು ತಡವರಿಸುವುದನ್ನು ಪಕ್ಕದಲ್ಲಿ ಕುಳಿತರೆ ಕಾಣಬಹುದು. ತನ್ನ ಬಗ್ಗೆ ತನಗೆ ಇನ್ನೂ ಹೆಚ್ಚು ಗೌರವವಿದ್ದರೆ ಚೆನ್ನಾಗಿತ್ತು ಎಂಬ ಅರ್ಥದ ಎಂಟನೇ ಹೇಳಿಕೆಯಂತೂ 53 ದೇಶಗಳ ಹೋಲಿಕೆಯ ಅಧ್ಯಯನದಲ್ಲಿಯೇ ಉಳಿದವುಗಳೊಂದಿಗೆ ಸರಿಯಾಗಿ ಕೂಡಿಕೊಳ್ಳಲಿಲ್ಲ. ವಿದ್ಯಾರ್ಥಿ ಇದನ್ನು ಮೊದಲೇ ತಿಳಿದಿದ್ದರೆ ಏನು ಮಾಡಬೇಕೆಂದು ಯೋಜನೆಯಲ್ಲಿ ಬರೆಯುತ್ತಾನೆ. ತಿಳಿಯದಿದ್ದರೆ ಕೊನೆಯ ವಾರ ಕ್ರಾನ್‌ಬ್ಯಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಂಬ ಅಳತೆ) ಕಡಿಮೆ ಬಂದುದನ್ನು ಕಂಡು ಗಾಬರಿಯಾಗಿ, ಅಂಕಿ ಏರುವವರೆಗೆ ಒಂದೊಂದೇ ಹೇಳಿಕೆಯನ್ನು ಕಿತ್ತುಹಾಕುತ್ತಾನೆ.

ಮಾಪಕಗಳನ್ನು ನಮ್ಮ ಭಾಷೆಗೆ ಒಗ್ಗಿಸುವ ಈ ಪರಿಶ್ರಮ ನಮ್ಮ ನೆಲಕ್ಕೆ ಹೊಸದೇನಲ್ಲ. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ್ದು 1924ರಲ್ಲಿ; ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದ್ದು 1934ರಲ್ಲಿ. ತೊಂಬತ್ತು ವರ್ಷಗಳ ನಂತರ ಅದೇ ಮಕ್ಕಳ ಮೊಮ್ಮಕ್ಕಳಿಗೆ ಗೂಗಲ್ ಟ್ರಾನ್ಸ್‌ಲೇಟ್‌ನ ಕನ್ನಡದಲ್ಲಿ ಆತಂಕವನ್ನು ಅಳೆಯುತ್ತಿದ್ದೇವೆ.

ನೈತಿಕತೆಯ ಅಧ್ಯಾಯವನ್ನು ನಮ್ಮ ಪ್ರಾಜೆಕ್ಟುಗಳಲ್ಲಿ ಒಂದು ಪ್ಯಾರಾದಲ್ಲಿ ಮುಗಿಸುತ್ತಾರೆ: ಒಪ್ಪಿಗೆ ಪಡೆಯಲಾಯಿತು, ಗೋಪ್ಯತೆ ಕಾಪಾಡಲಾಯಿತು. ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಸಾಮಾನ್ಯವಾಗಿ ಅವರ ಪೋಷಕರ ಒಪ್ಪಿಗೆಯೂ ಬೇಕು, ಅವರದೇ ಸಮ್ಮತಿಯೂ ಬೇಕು. ಫಾರ್ಮಿನ ತುದಿಯಲ್ಲೊಂದು ‘ಒಪ್ಪುತ್ತೇನೆ’ ಗುಂಡಿ ಇಟ್ಟರೆ ಆ ಕೆಲಸ ಆಗುವುದಿಲ್ಲ. ಇನ್ನೂ ಗಂಭೀರವಾದುದು ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ. ಉಚಿತವಾಗಿ ಸಿಗುತ್ತದೆಂದು ಎಲ್ಲರೂ ಬಳಸುವ ಈ ಪ್ರಶ್ನಾವಳಿಯ ಕೊನೆಯ ಅಂಶ ಸಾಯುವ ಅಥವಾ ತನ್ನನ್ನು ತಾನು ಗಾಸಿಗೊಳಿಸಿಕೊಳ್ಳುವ ಆಲೋಚನೆಯ ಬಗ್ಗೆ ಕೇಳುತ್ತದೆ. ರಾತ್ರಿ ಎರಡು ಗಂಟೆಗೆ ಯಾರೋ ಹೆಸರಿಲ್ಲದ ಫಾರ್ಮಿನಲ್ಲಿ ‘ಬಹುತೇಕ ಪ್ರತಿದಿನ’ ಎಂದು ಗುರುತು ಹಾಕಿದರೆ ಸಂಶೋಧಕಿ ಏನು ಮಾಡುತ್ತಾಳೆ? ಹೆಸರು ಕೇಳಿಲ್ಲ, ಹಾಗಾಗಿ ಹುಡುಕುವಂತಿಲ್ಲ. ವಾರದ ನಂತರ ಎಕ್ಸೆಲ್ ತೆರೆದಾಗ ಮಾತ್ರ ಗೊತ್ತಾಗುತ್ತದೆ. ಇದಕ್ಕೆ ಉತ್ತರ ಯೋಜನೆಯಲ್ಲಿಯೇ ಇರಬೇಕು: ಮುಖಾಮುಖಿ ಸಂಗ್ರಹವೋ, ಗುರುತಿನ ಸಂಕೇತವೋ, ಆ ಅಂಶವನ್ನು ಕೈಬಿಟ್ಟ ಎಂಟು ಪ್ರಶ್ನೆಗಳ ಆವೃತ್ತಿಯೋ. ಕೊನೆಯ ಪುಟದಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಾಕುವುದಂತೂ ಆಗಲೇಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಈ ಉಚಿತ ಸೇವೆ ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ.

ಸಮಯದ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು ಎಂಬುದಷ್ಟೇ ಅದರ ಬಗ್ಗೆ ಹೇಳಬೇಕಾದದ್ದು. ಹದಿನಾರು ವಾರಗಳ ಸೆಮಿಸ್ಟರ್‌ನಲ್ಲಿ ಬೈಂಡಿಂಗ್‌ಗೆ ಒಂದು, ಗೈಡ್ ಓದಿ ತಿದ್ದಲು ಎರಡು, ಬರವಣಿಗೆಗೆ ಮೂರು, ವಿಶ್ಲೇಷಣೆಗೆ ಎರಡು ಎಂದು ಕಳೆಯುತ್ತ ಬಂದರೆ ಉಳಿಯುವುದು ಎಂಟು ವಾರ. ಅದರಲ್ಲಿ ನೈತಿಕ ಸಮಿತಿಯ ಒಪ್ಪಿಗೆ, ಪ್ರಾಂಶುಪಾಲರ ಅನುಮತಿ ಪತ್ರ, ಪೂರ್ವಪರೀಕ್ಷೆ, ಸಂಗ್ರಹ ಎಲ್ಲವೂ ಆಗಬೇಕು. ದ್ವಿತೀಯ ಪಿಯು ಪರೀಕ್ಷೆಯ ಹೊಸ್ತಿಲಿನ ಫೆಬ್ರುವರಿಯಲ್ಲಿ ಆ ವಿದ್ಯಾರ್ಥಿಗಳ ಒತ್ತಡ ಅಳೆಯಲು ಹೊರಟವರಿಗೆ ಯಾವ ಪ್ರಾಂಶುಪಾಲರೂ ಬಾಗಿಲು ತೆರೆಯುವುದಿಲ್ಲ, ತೆರೆದರೂ ಸಿಗುವ ಅಂಕಿ ಪರೀಕ್ಷೆಯದ್ದೇ ಹೊರತು ಇನ್ನಾವುದರದ್ದೂ ಅಲ್ಲ.

ಹಾಗಾದರೆ ವಿಭಾಗಗಳು ಮಾಡಬಹುದಾದದ್ದೇನು? ಯುಜಿಸಿ 2024ರಲ್ಲಿ ಹೊರತಂದ ಸ್ನಾತಕೋತ್ತರ ಚೌಕಟ್ಟು ಎರಡನೇ ವರ್ಷವನ್ನು ಪೂರ್ತಿ ಸಂಶೋಧನೆಗೆ ಮೀಸಲಿಡುವ ಆಯ್ಕೆಯನ್ನೂ ಕೊಡುತ್ತದೆ. ಬೋಧಕರ ಕೊರತೆಯಿರುವ ನಮ್ಮ ವಿಭಾಗಗಳಲ್ಲಿ ಅದು ಸದ್ಯಕ್ಕೆ ಕಾಗದದ ಮೇಲೆ ಉಳಿಯುತ್ತದೆಂದೇ ನನ್ನ ಅನಿಸಿಕೆ. ಅದಕ್ಕಿಂತ ಅಗ್ಗದ ದಾರಿಯೊಂದಿದೆ. ಯೋಜನೆಯನ್ನು ಎರಡನೇ ಸೆಮಿಸ್ಟರ್‌ಗೆ ತಂದು, ಪ್ರಾಜೆಕ್ಟಿನ ಅಂಕಗಳಲ್ಲಿ ಮೂರನೇ ಒಂದು ಭಾಗವನ್ನಾದರೂ ದತ್ತಾಂಶ ಸಂಗ್ರಹಕ್ಕೆ ಮೊದಲೇ ಯೋಜನೆಗೆ ಕೊಡುವುದು. ಈಗ ಅಂಕವೆಲ್ಲ ಬೈಂಡ್ ಮಾಡಿದ ಪ್ರತಿಗೂ ವೈವಾಕ್ಕೂ ಹೋಗುವುದರಿಂದ, ಪ್ರಾಕಲ್ಪನೆ, ಅಂದರೆ ಮೊದಲೇ ಇಟ್ಟುಕೊಂಡ ಊಹೆ, ಸಾಬೀತಾಗದವನು ತನ್ನ ಪ್ರಾಜೆಕ್ಟ್ ಕೆಟ್ಟಿತೆಂದು ಅಂಜುತ್ತಾನೆ, ಅಂಜಿದವನು ಅಂಕಿಗಳನ್ನು ಅಲುಗಾಡಿಸುತ್ತಾನೆ. ಪ್ರಶ್ನೆಗೂ ವಿನ್ಯಾಸಕ್ಕೂ ಮೊದಲೇ ಅಂಕ ಸಿಕ್ಕಿಬಿಟ್ಟರೆ ಫಲಿತಾಂಶ ಏನೇ ಬಂದರೂ ಅವನಿಗೆ ನಷ್ಟವಿಲ್ಲ. ಕೆಲವು ಅಂತರರಾಷ್ಟ್ರೀಯ ಪತ್ರಿಕೆಗಳು ಇದೇ ತತ್ವದ ಮೇಲೆ, ಫಲಿತಾಂಶ ಬರುವ ಮೊದಲೇ ಯೋಜನೆಯನ್ನು ಪರಿಶೀಲಿಸಿ ಪ್ರಕಟಣೆಯ ಭರವಸೆ ಕೊಡುವ ಪದ್ಧತಿಯನ್ನು 2013ರಿಂದ ನಡೆಸಿಕೊಂಡು ಬಂದಿವೆ. ಓದುವ ಸಾಮಗ್ರಿಯ ಕೊರತೆಯೂ ಮೊದಲಿನಷ್ಟಿಲ್ಲ: 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ತೆರೆದಿವೆ. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳನ್ನು ಹೊರಗಿಟ್ಟದ್ದು ಮಾತ್ರ, ಮನೋವಿಜ್ಞಾನದ ಬಹುಪಾಲು ವಿದ್ಯಾರ್ಥಿಗಳು ಅಲ್ಲಿಯೇ ಓದುವ ಬೆಂಗಳೂರಿನಂಥ ಊರಿಗೆ ಅಷ್ಟೇನೂ ಒಗ್ಗುವುದಿಲ್ಲ.

ಯೋಜನೆಯನ್ನು ಎರಡನೇ ಸೆಮಿಸ್ಟರ್‌ಗೆ ತರುವುದಕ್ಕೆ ಅಡ್ಡಿಯೊಂದಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಅನೇಕ ವಿಭಾಗಗಳು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಎರಡನೇ ಸೆಮಿಸ್ಟರ್‌ನಲ್ಲಿ ವಿದ್ಯಾರ್ಥಿಯ ಪ್ರಶ್ನೆಯನ್ನು ತಿದ್ದಿ ತೀಡಿದವರು ನಾಲ್ಕನೆಯದರಲ್ಲಿ ಇರುತ್ತಾರೆಂಬ ಖಾತ್ರಿ ಅವರಿಗೇ ಇರುವುದಿಲ್ಲ. ಹೊಸದಾಗಿ ಬಂದ ಗೈಡ್ ‘ಇದೆಲ್ಲ ಯಾಕೆ, ಎರಡು ಸ್ಕೇಲ್ ಹಾಕಿ ಮುಗಿಸಿ’ ಎಂದುಬಿಟ್ಟರೆ ಆರು ತಿಂಗಳ ಕೆಲಸ ನೀರಿಗೆ ಬಿದ್ದಂತೆ. ಆದ್ದರಿಂದ ಯೋಜನೆ ಮಾತಿನಲ್ಲಿ ಉಳಿಯದೆ ಬರಹದಲ್ಲಿರಬೇಕು: ಪ್ರಶ್ನೆ, ಅದಕ್ಕೆ ಕಾರಣವಾದ ಕಂಡ ಸಂಗತಿ, ಮಾದರಿಯ ಲೆಕ್ಕ, ಐದು ಜನರ ಎದುರು ಓದಿ ತಿದ್ದಿದ ಕನ್ನಡ ಹೇಳಿಕೆಗಳು, ಖಾಲಿ ಕೋಷ್ಟಕಗಳು, ವಾರದ ಪಟ್ಟಿ, ಎಲ್ಲ ಸೇರಿ ಆರು ಪುಟ, ವಿಭಾಗದ ಮುಖ್ಯಸ್ಥರ ರುಜುವಿನೊಂದಿಗೆ. ಗೈಡ್ ಬದಲಾದರೂ ಆ ಆರು ಪುಟವನ್ನು ಬದಲಿಸಬೇಕಾದರೆ ಕಾರಣ ಬರೆಯಬೇಕೆಂಬ ನಿಯಮವನ್ನು ವಿಭಾಗದ ಅಧ್ಯಯನ ಮಂಡಳಿಯ ಒಂದು ಸಭೆಯಲ್ಲಿ ಮಾಡಬಹುದು. ಅದಕ್ಕೆ ಅನುದಾನವೂ ಬೇಡ, ಸರ್ಕಾರದ ಆದೇಶವೂ ಬೇಡ.